ಕನ್ನಡಿ ಮುಂದಿನ ಊಟ

ಉಂಡ ಅನ್ನ ಉಂಡವರ ಮೈಗೇ ಹತ್ತುತ್ತದೆಂಬ ಖಾತ್ರಿ ಇರಲಿಲ್ಲ. ಉಣ್ಣುವಾಗ ಯಾರನ್ನು ನೆನೆದರೋ ಅವರ ಮೈಗೆ ಹತ್ತುತ್ತಿತ್ತು. ಅದಕ್ಕೇ ಗರಡಿಮನೆಯ ಹುಡುಗಿಯರು ತಟ್ಟೆಯ ಮುಂದೆ ಕನ್ನಡಿ ಇಟ್ಟುಕೊಂಡು, ತಮ್ಮ ಮುಖವನ್ನೇ ನೋಡುತ್ತ ಉಣ್ಣುತ್ತಿದ್ದರು.

ನಿಂಗವ್ವನ ತಟ್ಟೆಯಲ್ಲಿ ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಬೇಯಿಸಿದ ತತ್ತಿ ಎಲ್ಲವೂ ಇದ್ದವು. ದಿನಾ ಖಾಲಿ ಮಾಡಿಯೇ ಏಳುತ್ತಿದ್ದಳು. ಆದರೂ ಹೋದ ವಾರ ಎತ್ತಿದ್ದ ಭಾರವನ್ನು ಈ ಬೆಳಿಗ್ಗೆ ಅವಳಿಗೆ ಎತ್ತಲಾಗಿರಲಿಲ್ಲ.

ಕುಸ್ತಿ ಕಲಿಸುವ ವಸ್ತಾದ ಬಾಳಪ್ಪನವರು ಬಂದು ನಿಂತರು. ಒಂದು ಕಾಲಕ್ಕೆ ಬಿಗಿಯಾಗುತ್ತಿದ್ದ ಅಂಗಿ ಈಗ ಅವರ ಹೆಗಲ ಮೇಲೆ ಜೋತುಬಿದ್ದಿತ್ತು.

“ತಂಗಿ, ಮತ್ತ ತೂಕ ಇಳದೈತಿ. ಹಿಂಗಾದ್ರ ನಿನ್ನ ಕುಸ್ತಿಗೆ ಇಳಸಾಕ ಆಗೂದಿಲ್ಲ. ಉಣ್ಣೂ ಮುಂದ ಯಾರನ್ನ ನೆನಸ್ತಿ?”

“ನನ್ನನ್ನ ರೀ.”

“ಖರೇ ಹೇಳು.”

ನಿಂಗವ್ವ ರೊಟ್ಟಿ ಕೆಳಗಿಟ್ಟಳು. “ನನ್ನ ಮುಖ ಥೇಟ್ ನಮ್ಮವ್ವನ ಹಂಗ ಐತ್ರೀ. ಕನ್ನಡಿ ನೋಡಿದ್ರ ಆಕೀನ ಕಾಣ್ತಾಳ. ದವಾಖಾನ್ಯಾಗ ಗಂಜಿ ಸೈತ ನುಂಗವಲ್ಲಳ್ರೀ. ನಾ ನೆನಸೂದು ಬಿಟ್ರ ಆಕಿ ಉಳಿಯೂದಿಲ್ಲ.”

ಬಾಳಪ್ಪನವರು ಬಗ್ಗಿ, ಅವಳು ಕೆಳಗಿಟ್ಟ ರೊಟ್ಟಿಯನ್ನು ಮತ್ತೆ ಅವಳ ಕೈಗೆ ಕೊಟ್ಟರು.

“ಬಿಡಬ್ಯಾಡ,” ಎಂದರು. “ಅವ್ವನ್ನ ನೆನಸೇ ಉಣ್ಣು.”

“ಮತ್ತ ಕುಸ್ತಿ?”

ಅವರು ಕನ್ನಡಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ಅದಿದ್ದ ಜಾಗದಲ್ಲಿ ತಾವೇ ಚಕ್ಕಳಮಕ್ಕಳ ಹಾಕಿ ಕೂತು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು, ಅವಳ ಮುಖವನ್ನೇ ನೋಡುತ್ತ ಉಣ್ಣತೊಡಗಿದರು.