ಬಾಣಂತಿ ಕೋಣೆಯ ನೆಲ

ಮೇಸ್ತ್ರಿಯ ಆಳುಗಳು ಕಲಸಿದ ಸಿಮೆಂಟನ್ನು ಬಾಂಡಲಿಯಲ್ಲಿ ಹೊತ್ತು ತಂದರೆ, ಹಿತ್ತಿಲಲ್ಲಿ ಹೊಸದಾಗಿ ಕಟ್ಟಿದ ಕೋಣೆಯ ನಟ್ಟನಡುವೆ ರಮಾಮಣಿಯವರು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು. ಏಳಿ ಎಂದು ಆಳುಗಳು ಗುಜರಾತಿಯಲ್ಲಿ ಹೇಳಿದರು, ಹಿಂದಿಯಲ್ಲಿ ಹೇಳಿದರು, ಕೈಸನ್ನೆ ಮಾಡಿದರು. ಗುಬ್ಬಿಯಿಂದ ಬಂದು ಇನ್ನೂ ತಿಂಗಳಾಗದ ಆಕೆಗೆ ಎರಡು ಭಾಷೆಯೂ ಬಾರದು. ಬಂದಿದ್ದರೂ ಏಳುತ್ತಿರಲಿಲ್ಲ ಎನ್ನಿ.

ಸಂಶೋಧನಾಲಯಕ್ಕೆ ಹೊರಟಿದ್ದ ಅಳಿಯ ಪಟ್ಟಾಭಿರಾಮ ಸೈಕಲ್ಲನ್ನು ಗೋಡೆಗೊರಗಿಸಿ ಓಡಿ ಬಂದ. ಅಹಮದಾಬಾದಿನ ನವರಂಗಪುರದಲ್ಲಿ ಈ ಮನೆಯನ್ನು ಅವನು ಬಾಡಿಗೆಗೆ ಹಿಡಿದದ್ದೇ ಅದರ ಕನ್ನಡಿಯಂಥ ಸಿಮೆಂಟು ನೆಲ ನೋಡಿ. ಹೆಂಡತಿ ಶಾಂತಾಗೆ ಈಗ ಏಳು ತಿಂಗಳು. ಎರಡು ದಿನದ ರೈಲು ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಹೋಗುವ ಬದಲು ತವರೇ ಇಲ್ಲಿಗೆ ಬಂದಿತ್ತು. ಬಂದದ್ದೇನೋ ಸರಿ, ಆ ನೆಲಕ್ಕೂ ರಮಾಮಣಿಯವರಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಡಿಸೆಂಬರಿನ ಚಳಿಗೆ ಅಂಗಾಲಿನಿಂದ ಹತ್ತಿದ ಥಂಡಿ ಮಂಡಿಯಲ್ಲಿ ಠಿಕಾಣಿ ಹೂಡಿತು. ಬಸುರಿ ಓಡಾಡುವ ಮನೆಯೆಂದು ಊರಿನ ಅಭ್ಯಾಸದಂತೆ ಸಿಮೆಂಟಿನ ಮೇಲೂ ಸಗಣಿ ಹಾಕಿ ಸಾರಿಸಿದರು. ಸಿಮೆಂಟು ಅದನ್ನು ಹೀರಿಕೊಳ್ಳುತ್ತದೆಯೇ? ನಿನ್ನೆ ಅದರ ಮೇಲೆ ಶಾಂತಾ ಜಾರಿದಳು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತೋ, ಬಚಾವಾದಳು.

ಆಗಿನಿಂದ ರಮಾಮಣಿಯವರು ಊಟ ಬಿಟ್ಟಿದ್ದರು. ತನ್ನಿಂದ ಮಗಳಿಗೆ ಕೇಡೇ ಹೊರತು ಉಪಕಾರವಿಲ್ಲ, ಊರಿಗೆ ಟಿಕೆಟ್ ತೆಗೆಸಿಕೊಡಿ ಎಂದು ಒಂದೇ ಹಟ. ಮೊದಲ ಹೆರಿಗೆಗೆ ಅಮ್ಮನಿಲ್ಲದೆ ಹೇಗೆಂದು ಶಾಂತಾ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆ ಹಿತ್ತಿಲ ಕೋಣೆಯ ಬಾಗಿಲು ತೆರೆದಿದ್ದು ಕಂಡು ರಮಾಮಣಿಯವರು ಇಣುಕಿದರೆ, ಒಳಗೆ ದಮ್ಮಸ್ಸು ಮಾಡಿದ ಬರಿಯ ಮಣ್ಣು. ಕಾಲಿಟ್ಟರು. ನಾಲ್ಕು ಹೆಜ್ಜೆ ಓಡಾಡಿದರು. ಆಮೇಲೆ ಕೂತರು.

ಮಣ್ಣಿನ ನೆಲದಲ್ಲಿ ಧೂಳು, ಇರುವೆ, ತೇವ ಎಂದು ಪಟ್ಟಾಭಿರಾಮ ಒಂದೊಂದೇ ದೋಷ ಎತ್ತಿ ಹೇಳಿದ. ರಮಾಮಣಿಯವರು ಪೂರ್ತಿ ಕೇಳಿಸಿಕೊಂಡರು.

"ಧೂಳೆದ್ದರೆ ಸಾರಿಸ್ತೀನಿ, ಇರುವೆ ಬಂದರೆ ಅರಿಶಿನ ಹಾಕ್ತೀನಿ. ನಿಮ್ಮ ಸಿಮೆಂಟಿನ ಥಂಡಿಗೆ ಏನು ಹಾಕಲಿ ಹೇಳಿ? ನನ್ನ ಮಗಳ ಬಾಣಂತನ ಈ ಕೋಣೇಲಿ, ಈ ನೆಲದ ಮೇಲೆ ಆಗೋದಾದರೆ ಇರ್ತೀನಿ. ಇಲ್ಲದಿದ್ರೆ ಇವತ್ತೇ ರೈಲು ಹತ್ತಿಸಿ."

ಅಷ್ಟರಲ್ಲಿ ಮನೆಯ ಯಜಮಾನ ರಸಿಕಭಾಯಿ ಬಂದರು. ಆರು ತಿಂಗಳು ಕಾದು ಪರ್ಮಿಟ್ಟಿನ ಮೇಲೆ ಪಡೆದ ಸಿಮೆಂಟು, ಕಲಸಿಟ್ಟಾಗಿದೆ, ಇನ್ನೊಂದು ಗಂಟೆಯಾದರೆ ಕಲ್ಲು. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. ಹೆಂಗಸರನ್ನು ಹೆಂಗಸರೇ ಎಬ್ಬಿಸಬೇಕೆಂದು ತಮ್ಮ ತಾಯಿ ಜಡಾವಬಾರನ್ನು ಕರೆಸಿದರು. ಹಳೇ ಊರಿನ ಗಲ್ಲಿಮನೆ ಬಿಟ್ಟು ಮಗ ಕಟ್ಟಿಸಿದ ಈ ಬಂಗಲೆಗೆ ಬಂದ ಮೇಲೆ ಆ ಮುದುಕಿ ಉಯ್ಯಾಲೆ ಮಣೆಯಿಂದ ಕೆಳಗಿಳಿದದ್ದೇ ಅಪರೂಪ.

ಜಡಾವಬಾ ಕೋಲೂರಿಕೊಂಡು ಬಂದರು. ರಮಾಮಣಿಯವರ ಕೈ ಹಿಡಿಯಲೆಂದು ಬಗ್ಗಿದವರು ನೆಲಕ್ಕೆ ಅಂಗೈ ಊರಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಮೆಲ್ಲಗೆ ಕೂತು, ಎರಡೂ ಕಾಲು ನೀಡಿಬಿಟ್ಟರು. ರಮಾಮಣಿಯವರು ತಮ್ಮ ಮಂಡಿ ತೋರಿಸಿದರು. ಜಡಾವಬಾ ತಮ್ಮದನ್ನು ತೋರಿಸಿದರು. ಇವರು ಕನ್ನಡದಲ್ಲಿ ಶುರುಮಾಡಿದರೆ ಅವರು ಗುಜರಾತಿಯಲ್ಲಿ ಮುಂದುವರಿಸಿದರು. ಪಟ್ಟಾಭಿರಾಮ ನಡುವೆ ನಿಂತು ಅದನ್ನು ಇದಕ್ಕೆ ಇದನ್ನು ಅದಕ್ಕೆ ಮಾಡಿ ಹೇಳುತ್ತಾ ಹೇಳುತ್ತಾ ತಾನು ಯಾವ ಪಕ್ಷದವನೆಂಬುದನ್ನೇ ಮರೆತ.

"ಅಮ್ಮಾ, ನೀನೂ ಕೂತೆಯಲ್ಲ!" ರಸಿಕಭಾಯಿ ಗೋಗರೆದರು. "ಸಿಮೆಂಟನ್ನ ಏನು ಮಾಡಲಿ?"

"ಬಚ್ಚಲಿಗೆ ಹಾಕಿಸು ಮಗನೇ. ನಿನ್ನನ್ನ ಹೆತ್ತದ್ದು ಇಂಥ ನೆಲದ ಮೇಲೇ. ನಿನ್ನ ಕಾಲೇನೂ ಸೊಟ್ಟಗಾಗಿಲ್ಲ."

ರಸಿಕಭಾಯಿ ತಾಯಿಯ ಮುಖ ನೋಡಿದರು. ಆ ಮುಖದಲ್ಲಿ ಅಂಥ ನೆಮ್ಮದಿ ಅವರು ಕಂಡು ಎರಡು ವರ್ಷವಾಗಿತ್ತು. ಬಾಂಡಲಿಗಳು ಬಚ್ಚಲಿನ ಕಡೆ ತಿರುಗಿದವು.

ಮಧ್ಯಾಹ್ನ ರಮಾಮಣಿಯವರು ಎರಡು ದಿನದ ಊಟವನ್ನು ಒಟ್ಟಿಗೇ ಮಾಡಿದರು. ದನ ಸಾಕುವ ರಬಾರಿ ಹೆಂಗಸು ಸಗಣಿ ತಂದಳು, ಎಲ್ಲಿಂದಲೋ ಹೊಟ್ಟು ಬಂತು. ರಜೆಚೀಟಿ ಕಳಿಸಿದ ಪಟ್ಟಾಭಿರಾಮ ಪ್ಯಾಂಟು ಮಡಚಿ, ನೆಲಕ್ಕೆ ಬಳಿಯಲು ಮಣ್ಣಿನೊಡನೆ ಕಲಸಿದ ಆ ಕೆಸರಿಗಿಳಿದು ತುಳಿಯತೊಡಗಿದ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಶಾಂತಾಗೆ ಅದನ್ನು ನೋಡಿ ನಗು ತಡೆಯಲಾಗಲಿಲ್ಲ. ಜಡಾವಬಾ ಆ ಮೂಲೆ ಈ ಮೂಲೆಗೆ ಕೋಲು ತೋರಿಸಿ ಮೇಸ್ತ್ರಿಯ ಮೇಲೆ ಮೇಸ್ತ್ರಿಕೆ ಮಾಡುತ್ತಿದ್ದರು.

"ಈಗ ಎಷ್ಟು ದಿನ ಇರ್ತೀಯಮ್ಮ?" ಶಾಂತಾ ಕೇಳಿದಳು.

"ಕೂಸು ಹುಟ್ಟಲಿ. ಈ ನೆಲದ ಮೇಲೆ ಅಂಬೆಗಾಲಿಟ್ಟು, ಎದ್ದು, ನಾಲ್ಕು ಹೆಜ್ಜೆ ಹಾಕಲಿ. ಅದನ್ನ ಕಣ್ತುಂಬ ನೋಡ್ಕೊಂಡು ಹೊರಡ್ತೀನಿ."

ಪಟ್ಟಾಭಿರಾಮನ ಕಾಲು ಕೆಸರಿನಲ್ಲೇ ನಿಂತಿತು. ಹುಟ್ಟುವುದಕ್ಕೆ ಎರಡು ತಿಂಗಳು, ನಡೆಯುವುದಕ್ಕೆ ಒಂದು ವರ್ಷ. ಮನಸ್ಸಿನಲ್ಲೇ ಕೂಡಿಸಿದ. ಅತ್ತೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲಕ್ಕೆತ್ತಿಕೊಂಡ.

"ಹಾಗಾದರೆ ಇನ್ನೂ ನಾಲ್ಕು ಬುಟ್ಟಿ ಮಣ್ಣು ಹಾಕಿಸಿ, ಅತ್ತೆ. ಹದಿನಾಲ್ಕು ತಿಂಗಳು ಬಾಳಿಕೆ ಬರಬೇಕಲ್ಲ."