ಕೆಂಪಾಗದ ಉಗುಳು

ಮಾಜಿ ಬಂಡುಕೋರ ಕ್ಲೆಮೆಂಟ್‌ನ ಉಗುಳು ಸುಣ್ಣದಂತೆ ಬೆಳ್ಳಗಿತ್ತು. ಬೂಗನ್ವಿಲ್ ದ್ವೀಪದ ಅಂತರ್ಯುದ್ಧ ಮುಗಿದ ಮೇಲೆ ಸೇರಿದ್ದ ಆ ರಾಜಿಸಭೆಯಲ್ಲಿ ಎರಡೂ ಕಡೆಯವರು ಒಂದೇ ಗೊನೆಯ ಅಡಿಕೆ ಜಗಿದಿದ್ದರು. ಮಿಕ್ಕವರೆಲ್ಲ ಉಗಿದದ್ದು ಕೆಂಪು.

"ಇನ್ನೊಂದ್ಸಲ ಕೇಳ್ತೀನಿ," ಎಂದ ಊರ ಹಿರಿಯ. "ಕಾದಾಡ್ತಾ ಸತ್ತಿದ್ರೆ ಅದು ಯುದ್ಧ, ಇಲ್ಲಿಗೇ ಮುಗಿಯುತ್ತೆ. ಶರಣಾದವನನ್ನ ಕೊಂದಿದ್ರೆ ಕೊಲೆ. ಕಾಡಿನ ಯುದ್ಧಕ್ಕೂ ಅದೇ ಕಾನೂನು. ನಿನ್ನ ಕೈಲಿ ಥಿಯೊನಿಲಾ ಮಗ ಹೇಗೆ ಸತ್ತ?"

"ಕೋವಿ ಹಿಡ್ಕೊಂಡೇ ಸತ್ತ, ಅಜ್ಜ." ಕ್ಲೆಮೆಂಟ್ ಮತ್ತೆ ಜಗಿದು ಉಗಿದ. ಮತ್ತೆ ಬಿಳಿ. ಪಕ್ಕದವರು ಮೆಲ್ಲಗೆ ದೂರ ಸರಿದರು.

ಥಿಯೊನಿಲಾ ಎದ್ದು ಬಂದು ಬರಿಗೈಯಲ್ಲೇ ಅವನ ಬಾಯಿ ಒರೆಸಿದಳು. "ಹೆದರ್ಬೇಡ ಕಂದ. ಸಾಯೋವಾಗ ನನ್ನ ಮಗ ಹೇಗೆ ನಿಂತಿದ್ದ, ಅಷ್ಟು ತೋರ್ಸು."

ಕ್ಲೆಮೆಂಟ್‌ನ ಎರಡೂ ಕೈಗಳು ತಾವಾಗಿಯೇ ತಲೆಯ ಮೇಲಕ್ಕೆ ಏರಿದವು.