ಐವತ್ತಮೂರು ಡಿಗ್ರಿ

ಮಂಗಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಬಿಳಿ ಪಿಂಗಾಣಿ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿದಳು. ಮುಚ್ಚಳ ಸಲೀಸಾಗಿ ಬಿಚ್ಚಿಕೊಂಡಿದ್ದೇ ದೇವರ ದಯೆ. ಗಂಡ ಬಯ್ಯಪ್ಪನಿಗೆಂದು ಕಾಯಿಸಿ ಆರಿಸಿದ್ದ ಜೀರಿಗೆ ನೀರನ್ನು ಸೋಸಿ, ಖಾಲಿ ಬಾಟಲಿಗೆ ತುಂಬಿದಳು.

ಬೇರೆ ದಾರಿ ಇರಲಿಲ್ಲ. ಇನ್ನೊಂದು ಲೋಟ ಹೆಂಡ ಕುಡಿದರೆ ಬಯ್ಯಪ್ಪನ ಆಸೆ ಬಿಡಿ ಎಂದು ಡಾಕ್ಟರು ಹೇಳಿ ಎಂಟು ತಿಂಗಳಾಗಿತ್ತು. ಶಿಡ್ಲಘಟ್ಟದ ಅವರ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರ ಕೂರಿಸಲು ಚೀನಾದಿಂದ ಬಂದಿದ್ದ ಎಂಜಿನಿಯರ್ ಲಿನ್, ಕೆಲಸ ಮುಗಿದ ಖುಷಿಗೆ ನಿನ್ನೆ ಈ ಬಾಟಲಿ ಕೊಟ್ಟು, ನಾಳೆ ಊಟದ ಹೊತ್ತಿಗೆ ಒಟ್ಟಿಗೆ ಕುಡಿಯೋಣ ಎಂದಿದ್ದ.

"ಬ್ಯಾಡ ಅಂದ್ರೆ ಅವರಿಗೆ ಅವಮಾನ ಕಣೇ. ಮಿಷಿನ್ ಗ್ಯಾರಂಟಿ ಕಾಗದಕ್ಕೆ ಸೈನ್ ಹಾಕ್ದೆ ಹೋಗ್ಬಿಟ್ರೆ?" ಎಂದಿದ್ದ ಬಯ್ಯಪ್ಪ. ಅವನಿಗೆ ಕಾಗದದ ಚಿಂತೆಯೇನೂ ಇರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಮುದ್ದೆ, ಕೋಳಿಸಾರಿನ ಮುಂದೆ ಕುಳಿತು ಲಿನ್ ತನ್ನ ಭಾಷೆಯಲ್ಲಿ ಮಾತಾಡಿದ. ಅವನ ಫೋನು ಅದನ್ನು ಕನ್ನಡದಲ್ಲಿ ಹೇಳಿತು: "ಇದು ಬೈಜಿಯು. ಜೋಳವನ್ನು ಹುಳಿಸಿ ಭಟ್ಟಿ ಇಳಿಸುವರು. ಮದ್ಯಸಾರ ಐವತ್ತಮೂರು ಡಿಗ್ರಿ. ಮೂಸಬಾರದು. ಒಂದೇ ಗುಟುಕಿಗೆ ಮುಗಿಸಬೇಕು." ಮೂಸಬಾರದು ಎಂಬುದನ್ನು ಎರಡು ಸಲ ಹೇಳಿತು. ಮಂಗಮ್ಮನಿಗೆ ಹೋದ ಜೀವ ಬಂದಂತಾಯಿತು.

ಇಬ್ಬರೂ ಪುಟ್ಟ ಬಟ್ಟಲುಗಳನ್ನು ಎತ್ತಿ ಗುಟುಕರಿಸಿದರು.

ಲಿನ್‌ನ ಕಣ್ಣು ಅಗಲವಾಯಿತು. ಬಟ್ಟಲೊಳಗೆ ಇಣುಕಿದ. ಹಣೆಯ ಬೆವರು ಒರೆಸಿಕೊಂಡು, ಇನ್ನೊಂದು ಸುತ್ತು ಬಗ್ಗಿಸಿದ.

ಬಯ್ಯಪ್ಪ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ಸಾರಿನ ಪಾತ್ರೆ ನೋಡುತ್ತಿದ್ದಳು. ಅತಿಥಿಯ ಮರ್ಯಾದೆ ದೊಡ್ಡದು.

"ಅಬ್ಬಬ್ಬಾ, ಬೆಂಕಿ ಸಾಮೀ, ಬೆಂಕಿ!" ಎಂದ.

ಆರನೆಯ ಬಟ್ಟಲಿಗೆ ಬಯ್ಯಪ್ಪ ತೆಲುಗಿನಲ್ಲಿ ಹಾಡತೊಡಗಿದ. ಲಿನ್ ತಾಳ ಹಾಕಿದ. ಆಮೇಲೆ ನೆಟ್ಟಗೆ ಕುಳಿತು, ಒಂದು ಗೆರೆಯೂ ಸೊಟ್ಟಗಾಗದಂತೆ ಕಾಗದಕ್ಕೆ ಸಹಿ ಹಾಕಿದ.

ಬಯ್ಯಪ್ಪ ಆಟೋ ಕರೆಯಲು ಹೊರಗೆ ಹೋದ. ಮಂಗಮ್ಮನಿಗೆ ತಡೆಯಲಾಗಲಿಲ್ಲ. ಉಂಡ ಮನೆಯವರೇ ಮೋಸ ಮಾಡಿದರು ಎಂದಾಗಬಾರದು. ಫೋನಿನ ಹತ್ತಿರ ಬಾಯಿ ತಂದಳು.

"ತಪ್ಪಾಯ್ತಪ್ಪ. ನಮ್ಮೆಜಮಾನ್ರು ಕುಡಿದ್ರೆ ಉಳಿಯಲ್ಲ ಅಂದವ್ರೆ ಡಾಕ್ಟ್ರು. ನೀನು ತಂದಿದ್ನ ನಾನೇ ಚೆಲ್ಲಿ ಜೀರಿಗೆ ನೀರು ತುಂಬ್ದೆ."

ಲಿನ್ ಕೇಳಿಸಿಕೊಂಡ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಏನೋ ಹೇಳಿದ. ಫೋನು ಮಾತ್ರ ಗಟ್ಟಿಯಾಗಿಯೇ ಓದಿತು:

"ಅಮ್ಮಾ, ಕುಡಿಯುವುದಿಲ್ಲವೆಂದು ನಾನು ಹೆಂಡತಿಗೆ ಮಾತು ಕೊಟ್ಟು ಆರು ವರ್ಷವಾಯಿತು. ನಾನು ತುಂಬಿ ತಂದಿದ್ದೂ ನೀರೇ. ಆದರೆ ಅದರಲ್ಲಿ ಜೀರಿಗೆ ಇರಲಿಲ್ಲ."